ಸರ್ಕಾರ ಯಾರಿಗೆ ಉತ್ತರ ಹೇಳಬೇಕು?

ಅಕ್ಕಂದಿರೇ, ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ ನಮ್ಮ ಜಿಲ್ಲೆಯದೇ. ಆ ಊರಿನ ಎಚ್.ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಮಂತ್ರಿ ಆದರು. ಪ್ರಮಾಣವಚನ ಬೋಧಿಸಿದವರು ರಾಷ್ಟ್ರಪತಿ ಶಂಕರ ದಯಾಳ ಶರ್ಮ.

ರಾಷ್ಟ್ರಪತಿ ದೇಶಕ್ಕೇ ದೊಡ್ಡವರು. ಆದರೂ ಮಂತ್ರಿಮಂಡಲದ ಸಲಹೆಯಂತೆ ನಡೀಬೇಕು. ಒಬ್ಬ ಮಂತ್ರಿಗೆ ಹಣಕಾಸು, ಇನ್ನೊಬ್ಬರಿಗೆ ರೈಲು, ಮತ್ತೊಬ್ಬರಿಗೆ ಬೇಸಾಯ. ಇಲಾಖೆಯ ಹಿರಿಯ ಅಧಿಕಾರಿ ಕಾರ್ಯದರ್ಶಿ. ಅವರು ಲೆಕ್ಕ, ಕಾನೂನು ನೋಡಿ ಮಂತ್ರಿಗೆ ತಿಳಿಸುತ್ತಾರೆ. ಆದ ತೀರ್ಮಾನವನ್ನು ಜಾರಿಗೆ ತರುತ್ತಾರೆ.

ಮಂತ್ರಿಮಂಡಲ ಲೋಕಸಭೆಗೆ ಉತ್ತರ ಹೇಳಬೇಕು. 1997ರ ಏಪ್ರಿಲ್‌ನಲ್ಲಿ ಗೌಡರಿಗೆ ಅಲ್ಲಿ ಬಹುಮತ ಸಿಗಲಿಲ್ಲ. ಸರ್ಕಾರ ಹೋಯಿತು.

ಲೋಕಸಭೆಗೆ ಸದಸ್ಯರನ್ನು ಕಳಿಸೋರು ಯಾರು? ನಾವೇ! ಹೆಬ್ಬೆಟ್ಟು ಬಿಟ್ಟು ಸಹಿ ಕಲಿತಿದ್ದೇವೆ. ಇನ್ನು ಯಾರೋ ಹೇಳಿದ ಗುರುತಿಗೆ ಓಟು ಹಾಕೋದು ಬೇಡ. ಅಭ್ಯರ್ಥಿಯ ಹೆಸರನ್ನು ನಾವೇ ಓದೋಣ. ಯೋಚಿಸಿ ಓಟು ಹಾಕೋಣ.