ಅಗೆಯದೆ ಅಳೆಯಿರಿ ಡಾಂಬರಿನ ದಪ್ಪ

ಹೊಸ ರಸ್ತೆಯ ಡಾಂಬರು ಟೆಂಡರ್‌ನಲ್ಲಿ ಹೇಳಿದಷ್ಟು ದಪ್ಪವಿದೆಯೇ ಎಂದು ತಿಳಿಯಲು ಅಲ್ಲಲ್ಲಿ ಕೋರ್, ಅಂದರೆ ಕೊರೆದು ತೆಗೆದ ಕೊಳವೆಯಾಕಾರದ ತುಣುಕು, ತೆಗೆಯುವುದು ರೂಢಿ. ಆದರೆ ಎರಡು ಕೋರ್‌ಗಳ ನಡುವೆ ಪದರ ತೆಳುವಾಗಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಕೊರತೆಯನ್ನು ನೀಗುವುದು ಗ್ರೌಂಡ್ ಪೆನಿಟ್ರೇಟಿಂಗ್ ರೇಡಾರ್, ಅಂದರೆ ಜಿಪಿಆರ್. ಇದು ನೆಲದೊಳಗೆ ರೇಡಿಯೊ ಅಲೆ ಕಳಿಸಿ ರಸ್ತೆಯುದ್ದಕ್ಕೂ ಎಡೆಬಿಡದೆ ಅಳೆಯುತ್ತದೆ.

ಮೊದಲು ಆಂಟೆನಾ ಆರಿಸಿಕೊಳ್ಳಿ. ಡಾಂಬರು ಪದರಗಳಿಗೆ 1ರಿಂದ 2 ಗಿಗಾಹರ್ಟ್ಸ್‌ನ ಹಾರ್ನ್ ಆಂಟೆನಾ ಸೂಕ್ತ. ಅದನ್ನು ವಾಹನಕ್ಕೆ ಕಟ್ಟಿ, ನೆಲಕ್ಕೆ ತಾಗದಂತೆ ಒಯ್ಯಬಹುದು, ಸಂಚಾರ ನಿಲ್ಲಿಸಬೇಕಾಗಿಲ್ಲ. ಕೆಳಗಿನ ಜಲ್ಲಿ ಪದರವನ್ನೂ ನೋಡಬೇಕಿದ್ದರೆ 400 ಮೆಗಾಹರ್ಟ್ಸ್‌ನ ಆಂಟೆನಾ ಬೇಕು. ಅದು ಆಳಕ್ಕಿಳಿಯುತ್ತದೆ, ಆದರೆ ತೆಳು ಪದರಗಳನ್ನು ಬಿಡಿಸಿ ತೋರಿಸುವುದಿಲ್ಲ.

ಒಣ ದಿನದಲ್ಲೇ ಹೊರಡಿ. ವಸ್ತುವೊಂದು ಅಲೆಯನ್ನು ಎಷ್ಟು ನಿಧಾನಗೊಳಿಸುತ್ತದೆ ಎಂಬುದನ್ನು ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ ಹೇಳುತ್ತದೆ. ನೀರಿನದು ಸುಮಾರು 80, ಒಣ ಡಾಂಬರಿನದು ಸಾಮಾನ್ಯವಾಗಿ 4ರಿಂದ 8. ಮಳೆ ನಿಂತ ಕೂಡಲೇ ಅಳೆದರೆ ಲೆಕ್ಕ ಕೆಡುವುದು ಖಚಿತ. ಹೊರಡುವ ಮುನ್ನ ಆಂಟೆನಾದ ಕೆಳಗೆ ಲೋಹದ ತಗಡು ಹಾಸಿ ಅದರ ಪ್ರತಿಫಲನವನ್ನು ದಾಖಲಿಸಿ. ರಸ್ತೆ ಮೇಲ್ಮೈಯ ಪ್ರತಿಫಲನವನ್ನು ಇದರೊಡನೆ ಹೋಲಿಸಿದಾಗ ಮೇಲಿನ ಪದರದ ಸ್ಥಿರಾಂಕ ಸಿಗುತ್ತದೆ. ದೂರ ಅಳೆಯುವ ಚಕ್ರವನ್ನೂ ಟೇಪ್ ಹಿಡಿದು ಅಳೆದ ದೂರದ ಮೇಲೆ ಓಡಿಸಿ ಸರಿನೋಡಿ.

ಇನ್ನು ಲೆಕ್ಕ. ರೇಡಾರ್ ದಪ್ಪವನ್ನು ನೇರವಾಗಿ ಅಳೆಯುವುದಿಲ್ಲ. ಅಲೆ ಕೆಳಗಿಳಿದು ಮರಳಿ ಬರುವ ಕಾಲವನ್ನಷ್ಟೇ ಅಳೆಯುತ್ತದೆ. ಗಾಳಿಯಲ್ಲಿ ಅಲೆಯ ವೇಗ ನ್ಯಾನೊಸೆಕೆಂಡಿಗೆ 30 ಸೆಂ.ಮೀ. ಇದನ್ನು ಸ್ಥಿರಾಂಕದ ವರ್ಗಮೂಲದಿಂದ ಭಾಗಿಸಿದರೆ ಪದರದೊಳಗಿನ ವೇಗ. ಸ್ಥಿರಾಂಕ 6.25 ಎಂದಿಟ್ಟುಕೊಳ್ಳಿ: ವರ್ಗಮೂಲ 2.5, ವೇಗ ನ್ಯಾನೊಸೆಕೆಂಡಿಗೆ 12 ಸೆಂ.ಮೀ. ಹೋಗಿಬರಲು 2 ನ್ಯಾನೊಸೆಕೆಂಡ್ ಹಿಡಿದರೆ ಇಳಿಯಲು ಹಿಡಿದದ್ದು ಅದರ ಅರ್ಧ, ಆದ್ದರಿಂದ ದಪ್ಪ 12 ಸೆಂ.ಮೀ. ಅದೇ ಸ್ಥಿರಾಂಕವನ್ನು ತಪ್ಪಾಗಿ 9 ಎಂದು ಹಿಡಿದರೆ ಉತ್ತರ 10 ಸೆಂ.ಮೀ.! ಸರಿಯಾಗಿ ಕೆಲಸ ಮಾಡಿದ ಗುತ್ತಿಗೆದಾರನ ಬಿಲ್ ನಿಲ್ಲಲು, ಕಳಪೆ ಕೆಲಸ ಪಾಸಾಗಲು ಇಷ್ಟು ವ್ಯತ್ಯಾಸ ಸಾಕು.

ಆದ್ದರಿಂದ ಕೋರ್ ಬಿಡುವಂತಿಲ್ಲ. ಆದರೆ ರೇಡಾರ್ ಚಿತ್ರ ನೋಡಿದ ಮೇಲೆ ತೆಗೆಯಿರಿ: ತೆಳುವಾಗಿ ಕಂಡಲ್ಲಿ, ದಪ್ಪವಾಗಿ ಕಂಡಲ್ಲಿ, ಪದರದ ತಳ ತೋರಿಸುವ ಗೆರೆ ಮಸುಕಾದಲ್ಲಿ. ಆಂಟೆನಾ ಸಾಗಿದ ಜಾಡಿನಲ್ಲೇ ತೆಗೆದು, ತೂತನ್ನು ಡಾಂಬರು ಮಿಶ್ರಣದಿಂದ ಗಟ್ಟಿಯಾಗಿ ತುಂಬಿ. ಕೋರ್‌ನ ದಪ್ಪಕ್ಕೆ ಹೊಂದುವಂತೆ ವೇಗವನ್ನು ತಿದ್ದಿ.

ಡಾಂಬರಿನ ಮೇಲೆ ಕಾಂಕ್ರೀಟ್ ಹಾಕಿದ ಬೆಂಗಳೂರಿನ ವೈಟ್ ಟಾಪಿಂಗ್ ರಸ್ತೆಗಳಂಥ ಕಡೆ ಇನ್ನಷ್ಟು ಎಚ್ಚರ ಬೇಕು. ಹಸಿ ಕಾಂಕ್ರೀಟ್ ಅಲೆಯನ್ನು ಹೀರುತ್ತದೆ. ಸಂದುಗಳಲ್ಲಿ ಕಬ್ಬಿಣದ ಸರಳುಗಳಿದ್ದರೆ ಅವುಗಳ ಪ್ರತಿಫಲನ ತಳದ ಗೆರೆಯನ್ನು ಮುಚ್ಚುತ್ತದೆ.

ಎಂಜಿನಿಯರ್‌ಗಳಲ್ಲಿ ಒಂದು ವಿನಂತಿ: ಬಳಸಿದ ಸ್ಥಿರಾಂಕ ಎಷ್ಟು, ಕೋರ್ ತೆಗೆದದ್ದು ಎಲ್ಲೆಲ್ಲಿ ಎಂದು ಬರೆಯದ ಜಿಪಿಆರ್ ವರದಿಗೆ ಸಹಿ ಹಾಕಬೇಡಿ.