ಬಾಳೆ ಮೀನು: ಹೊಂಡದಲ್ಲಿ ಬೇಡ, ಹೊಳೆಯಲ್ಲಿ ಬೇಕು

ಮೀನು ಸಾಕುವ ರೈತರ ಮುಂದೆ ಬಾಳೆ ಮೀನಿನ ಹೆಸರೆತ್ತಿದರೆ ಹುಬ್ಬು ಗಂಟಿಕ್ಕುತ್ತಾರೆ. ಅದಕ್ಕೆ ಕಾರಣವೂ ಉಂಟು. ಹೊಂಡಕ್ಕೆ ಬಿಟ್ಟ ಕಾಟ್ಲಾ, ರೋಹು ಮರಿಗಳನ್ನು ರಾತ್ರಿ ಹೊತ್ತಿನಲ್ಲಿ ನುಂಗಿಹಾಕುವ ಮೀನುಗಳಲ್ಲಿ ಇದು ಮುಂದಿನ ಸಾಲಿನದು. ಆದರೆ ಇದೇ ಮೀನು ಹೊಳೆಗಳಲ್ಲಿ ಅಪರೂಪವಾಗುತ್ತಿದೆ ಎಂಬುದು ಅನೇಕರ ಗಮನಕ್ಕೆ ಬಂದಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2019ರಲ್ಲಿ ಇದನ್ನು ಅಳಿವಿನ ಭೀತಿ ಇರುವ ಜೀವಿಗಳ ಸಾಲಿಗೆ ಸೇರಿಸಿತು.

ಬಾಳೆ ಮೀನನ್ನು ಗುರುತಿಸುವುದು ಸುಲಭ. ಮೈಮೇಲೆ ಹುರುಪೆ ಇಲ್ಲ; ದೇಹ ಎರಡೂ ಪಕ್ಕಗಳಿಂದ ಒತ್ತಿದಂತೆ ಚಪ್ಪಟೆ. ಬಾಯಿಯ ಸೀಳು ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿರುತ್ತದೆ. ಎರಡು ಜೊತೆ ಮೀಸೆಗಳಿದ್ದು, ಮೇಲಿನ ಜೊತೆ ಬಹಳ ಉದ್ದ. ಬೆನ್ನಿನ ಈಜುರೆಕ್ಕೆ ಚಿಕ್ಕದಾದರೆ, ಹೊಟ್ಟೆಯಡಿಯದು ಬಾಲದವರೆಗೂ ಚಾಚಿರುತ್ತದೆ. ಕೃಷ್ಣಾ, ತುಂಗಭದ್ರಾ, ಕಾವೇರಿ ನದಿಗಳಲ್ಲದೆ ಪಾಕಿಸ್ತಾನದಿಂದ ಇಂಡೋನೇಷ್ಯದವರೆಗೂ ಇದರ ನೆಲೆಯಿದೆ. ಎರಡು ಮೀಟರು ಮೀರಿ ಬೆಳೆದ ದಾಖಲೆಗಳಿವೆಯಾದರೂ ಸಾಮಾನ್ಯವಾಗಿ ಸಿಗುವುದು ಒಂದು ಮೀಟರಿನೊಳಗಿನವೇ. ಸಣ್ಣ ಮುಳ್ಳು ಕಡಿಮೆಯಾದ್ದರಿಂದ ತಿನ್ನುವವರಿಗೆ ಅಚ್ಚುಮೆಚ್ಚು. ಅದೇ ಇದಕ್ಕೆ ಮುಳುವೂ ಆಯಿತೆನ್ನಬೇಕು.

ಮುಂಗಾರಿನ ಹೊಸನೀರು ಬಂದೊಡನೆ ಬಾಳೆ ಮೀನು ಮಡುಗಳನ್ನು ಬಿಟ್ಟು, ನೆರೆ ಹರಡಿದ ದಡದ ತೆಳುನೀರಿಗೆ ಏರಿ ಮೊಟ್ಟೆಯಿಡುತ್ತದೆ. ಆಗ ಅದನ್ನು ಹಿಡಿಯುವುದು ಬಲು ಸುಲಭ. ಮೊಟ್ಟೆ ತುಂಬಿದ ಒಂದು ಮೀನನ್ನು ಹಿಡಿದರೆ ಸಾವಿರಾರು ಮರಿಗಳನ್ನು ಹಿಡಿದಂತೆಯೇ ಸರಿ. ಅಣೆಕಟ್ಟುಗಳು ಹರಿವನ್ನು ತಡೆದದ್ದು, ದಡದ ತಗ್ಗು ಜಾಗಗಳು ಹೊಲಗಳಾದದ್ದು ಸಹ ಇದರ ಸಂತಾನಕ್ಕೆ ಪೆಟ್ಟು ಕೊಟ್ಟಿವೆ. ಚೋದಕ ಚುಚ್ಚುಮದ್ದು ಕೊಟ್ಟು ಮೊಟ್ಟೆಯಿಡಿಸುವುದು ಸಾಧ್ಯವಾಗಿದೆ. ಆದರೆ ಮೊಟ್ಟೆಯೊಡೆದು ಕೆಲವೇ ದಿನಗಳಲ್ಲಿ ಮರಿಗಳು ಒಂದನ್ನೊಂದು ತಿನ್ನತೊಡಗುತ್ತವೆ! ಹೀಗಾಗಿ ಗೆಂಡೆ ಮರಿಗಳಂತೆ ಇವನ್ನು ಹೇರಳವಾಗಿ ಬೆಳೆಸಿಕೊಳ್ಳುವುದು ಕಷ್ಟ. ಇರುವುದನ್ನು ಹೊಳೆಯಲ್ಲೇ ಉಳಿಸಿಕೊಳ್ಳಬೇಕು.

ಹಾಗಾದರೆ ಸಾಕಣೆದಾರನು ಏನು ಮಾಡಬೇಕು? ಹೊಂಡವನ್ನು ಬೇಸಿಗೆಯಲ್ಲಿ ಪೂರ್ತಿ ಒಣಗಿಸುವುದೇ ಎಲ್ಲಕ್ಕಿಂತ ಉತ್ತಮ. ಒಣಗಿಸಲಾಗದ ಹೊಂಡಕ್ಕೆ ಒಂದು ಮೀಟರು ಆಳದ ನೀರಿದ್ದಲ್ಲಿ ಹೆಕ್ಟೇರಿಗೆ 2,500 ಕಿಲೋ, ಅಂದರೆ ಎಕರೆಗೆ ಸುಮಾರು 1,000 ಕಿಲೋ ಹಿಪ್ಪೆ ಹಿಂಡಿಯನ್ನು ನೆನೆಸಿ ಸಮನಾಗಿ ಎರಚಬೇಕು. ಅದರಲ್ಲಿನ ನೊರೆ ಬರಿಸುವ ವಿಷಾಂಶದಿಂದ ಬೇಡದ ಮೀನುಗಳು ಸಾಯುತ್ತವೆ. ಹಿಂಡಿ ಕೊಳೆತು ಬಳಿಕ ಗೊಬ್ಬರವೂ ಆಗುತ್ತದೆ. ಮೂರು ವಾರ ಕಳೆದ ಮೇಲೆ ಗೆಂಡೆ ಮರಿಗಳನ್ನು ಬಿಡಬಹುದು. ಈ ಅವಧಿಯಲ್ಲಿ ಹೊಂಡದ ನೀರನ್ನು ಹಳ್ಳಕ್ಕೆ ಖಂಡಿತ ಹರಿಯಬಿಡಕೂಡದು. ನೀರು ಬರುವ ತೂಬಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿದರೆ ಕಾಲುವೆಯ ಮೂಲಕ ಬಾಳೆ ಮರಿಗಳು ನುಸುಳಲಾರವು. ದೊಡ್ಡ ಕೆರೆಗಳಲ್ಲಿ ಇವೆಲ್ಲ ಆಗದ ಕೆಲಸ. ಅಲ್ಲಿ 10 ಸೆಂಟಿಮೀಟರಿಗಿಂತ ದೊಡ್ಡದಾದ ಬಿತ್ತನೆ ಮರಿಗಳನ್ನೇ ಬಿಡುವುದು ಲೇಸು.

ಹಿಪ್ಪೆ ಹಿಂಡಿಯ ಮಾತು ಸ್ವಂತ ಹೊಂಡಕ್ಕೆ ಮಾತ್ರ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ದೊಡ್ಡ ಮೀನುಗಳೆಲ್ಲ ಮಡುವಿನಲ್ಲಿ ಸೇರಿರುತ್ತವೆ. ಅಲ್ಲಿಗೆ ಬೆಳೆಗೆ ಹೊಡೆಯುವ ಔಷಧಿ ಸುರಿಯುವವರು, ಸಿಡಿಮದ್ದು ಎಸೆಯುವವರು ಇದ್ದಾರೆ. 1897ರ ಮೀನುಗಾರಿಕೆ ಕಾಯಿದೆಯ ಕಾಲದಿಂದಲೂ ಇದು ಶಿಕ್ಷಾರ್ಹ ಅಪರಾಧ. ಅದೇ ಮಡುವಿನ ನೀರನ್ನು ನಮ್ಮ ದನಕರುಗಳೂ ಕುಡಿಯುತ್ತವೆ.