ಹೊಸ ತೊಟ್ಟಿಗೆ ಮೀನು ಬಿಡುವ ಮುನ್ನ



ಹಿತ್ತಿಲಲ್ಲಿ ಸಿಮೆಂಟ್ ತೊಟ್ಟಿ ಕಟ್ಟಿ ನಾಲ್ಕು ಮೀನು ಸಾಕಬೇಕೆನ್ನುವವರು ನಮ್ಮಲ್ಲಿದ್ದಾರೆ. ಮಕ್ಕಳ ಒತ್ತಾಯಕ್ಕೆ ಗಾಜಿನ ತೊಟ್ಟಿ ತಂದಿಟ್ಟವರೂ ಇದ್ದಾರೆ. ಎರಡು ಕಡೆಯೂ ನಾವು ಕೇಳುವ ಕಥೆ ಒಂದೇ. ಹೊಸ ತೊಟ್ಟಿ, ಕನ್ನಡಿಯಂತಹ ನೀರು. ಅಂದೇ ಮರಿಗಳನ್ನು ಬಿಟ್ಟರು. ಮೂರು ದಿನ ಚೆನ್ನಾಗಿದ್ದವು. ಆಮೇಲೆ ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ವಾರ ಕಳೆಯುವುದರೊಳಗೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲಿದವು. ಮರಿ ಮಾರಿದವನನ್ನು ಬೈಯುವುದು ಸುಲಭ. ಆದರೆ ಬಹಳ ಸಲ ತಪ್ಪು ಮರಿಯದಲ್ಲ, ನೀರಿನದು. ಆ ನೀರು ತಿಳಿಯಾಗಿತ್ತು, ಹದವಾಗಿರಲಿಲ್ಲ.

ಬೆಳಿಗ್ಗೆ ದನದ ಕೊಟ್ಟಿಗೆಯ ಬಾಗಿಲು ತೆಗೆದಾಗ ಗಂಜಲದ ಘಾಟು ಕಣ್ಣಿಗೆ ಹೊಡೆಯುತ್ತದಲ್ಲವೇ? ಅದು ಅಮೋನಿಯಾ. ಮೀನು ತನ್ನ ಕಿವಿರುಗಳ ಮೂಲಕ ಇದನ್ನೇ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಇದೇ ಹುಟ್ಟುತ್ತದೆ. ಕೊಟ್ಟಿಗೆಯ ಘಾಟು ಗಾಳಿಗೆ ಹೋಗುತ್ತದೆ, ತೊಟ್ಟಿಯದು ಎಲ್ಲಿಗೆ ಹೋಗಬೇಕು? ಮೀನು ತಾನು ಬಿಟ್ಟ ವಿಷವನ್ನೇ ಉಸಿರಾಡುತ್ತದೆ. ಮೋಯಾರು ಹೊಳೆಯ ಮೀನಿಗೆ ಈ ಕಷ್ಟವಿಲ್ಲ. ಅಲ್ಲಿ ನೀರು ಹರಿಯುತ್ತಿರುತ್ತದೆ, ಜೊತೆಗೆ ಪ್ರತಿಯೊಂದು ಕಲ್ಲಿನ ಮೇಲೂ ಮರಳಿನ ಕಣದ ಮೇಲೂ ಅಮೋನಿಯಾವನ್ನು ತಿಂದು ಬದುಕುವ ಸೂಕ್ಷ್ಮಾಣುಗಳು ಕುಳಿತಿರುತ್ತವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಮೀನಿಗೆ ಹೆಚ್ಚು ಹಾನಿ ಮಾಡದು, ಗಿಡಕ್ಕಂತೂ ಊಟ. ನೀವು ಹೊಲಕ್ಕೆ ಚೆಲ್ಲುವ ಯೂರಿಯಾ ಮಣ್ಣಿನಲ್ಲಿ ಪಡುವ ಪಾಡೂ ಇದೇ.

ಇದು ಜೀವಿಗಳ ಕೆಲಸವೆಂದು ತೋರಿಸಿದವರು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್, 1877ರಲ್ಲಿ. ಮರಳು ಮತ್ತು ಸುಣ್ಣಕಲ್ಲು ತುಂಬಿದ ಕೊಳವೆಯ ಮೂಲಕ ಅವರು ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. ಸುಮಾರು ಇಪ್ಪತ್ತು ದಿನ ಏನೂ ಆಗಲಿಲ್ಲ, ಹೋದ ಅಮೋನಿಯಾ ಹಾಗೆಯೇ ಹೊರಬಂತು. ಆಮೇಲೆ ನೈಟ್ರೇಟ್ ಕಾಣಿಸಿತು. ಕ್ಲೋರೋಫಾರ್ಮ್ ಹಾಯಿಸಿದೊಡನೆ ಕೆಲಸ ನಿಂತಿತು, ಒಳ್ಳೆಯ ಮಣ್ಣಿನ ನೀರು ಹಾಕಿದ ಮೇಲೆ ಮತ್ತೆ ಶುರುವಾಯಿತು. ಆ ಇಪ್ಪತ್ತು ದಿನಗಳನ್ನು ನೆನಪಿಡಿ. ನಿಮ್ಮ ಹೊಸ ತೊಟ್ಟಿಯೂ ಆ ಕೊಳವೆಯಂತೆಯೇ.

ಹಾಗಾದರೆ ಮಾಡಬೇಕಾದುದೇನು? ಸಿಮೆಂಟ್ ತೊಟ್ಟಿಯಾದರೆ ಮೊದಲು ಸುಣ್ಣದ ಕ್ಷಾರ ಹೋಗಬೇಕು. ನೀರು ತುಂಬಿಸಿ, ಬಾಳೆ ದಿಂಡು ಕತ್ತರಿಸಿ ಹಾಕಿ ಕೊಳೆಸಿ, ಕೆಲವು ಸಲ ನೀರು ಚೆಲ್ಲಿ ತೊಳೆಯುವ ರೂಢಿ ಒಳ್ಳೆಯದು. ಇದನ್ನು ಉದಾಸೀನ ಮಾಡಬೇಡಿ. ನೀರಿನ ಪಿ.ಎಚ್. ಏಳಿದ್ದಾಗ ಅಮೋನಿಯಾದಲ್ಲಿ ನೂರಕ್ಕೆ ಒಂದು ಭಾಗವೂ ವಿಷರೂಪದಲ್ಲಿರುವುದಿಲ್ಲ. ಪಿ.ಎಚ್. ಒಂಬತ್ತಾದರೆ ಸುಮಾರು ಮೂರನೆಯ ಒಂದು ಭಾಗ ವಿಷವಾಗುತ್ತದೆ. ನಂತರ ಹೊಸ ನೀರು ತುಂಬಿರಿ. ಬ್ಲೀಚಿಂಗ್ ಪೌಡರ್ ಹಾಕಿದ ನೀರಾದರೆ ಒಂದೆರಡು ದಿನ ಬಿಸಿಲಿಗೆ ತೆರೆದಿಡಿ, ಇಲ್ಲವಾದರೆ ಬರಬೇಕಾದ ಸೂಕ್ಷ್ಮಾಣುಗಳೇ ಸಾಯುತ್ತವೆ. ಜಲ್ಲಿ, ಸ್ಪಂಜು ಹಾಕಿ ಗಾಳಿ ಪಂಪು ಓಡಿಸಿ. ಈ ಜೀವಿಗಳಿಗೆ ಕುಳಿತುಕೊಳ್ಳಲು ಜಾಗವೂ ಉಸಿರಾಡಲು ಗಾಳಿಯೂ ಬೇಕು. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಉದುರಿಸಿ. ಮೀನಿಲ್ಲದ ತೊಟ್ಟಿಗೆ ಆಹಾರವೇ ಎಂದು ಮನೆಯವರು ನಕ್ಕರೆ ನಗಲಿ. ಅದು ಕೊಳೆತು ಬರುವ ಅಮೋನಿಯಾವೇ ಸೂಕ್ಷ್ಮಾಣುಗಳ ಊಟ. ರೋಗವಿಲ್ಲದ ಹಳೆಯ ತೊಟ್ಟಿಯ ಒಂದು ಹಿಡಿ ಜಲ್ಲಿ ಸಿಕ್ಕರೆ ಹಾಲಿಗೆ ಹೆಪ್ಪು ಹಾಕಿದಂತೆ ಕೆಲಸ ಬೇಗನೆ ಸಾಗುತ್ತದೆ.

ಬಣ್ಣದ ಮೀನಿನ ಅಂಗಡಿಯಲ್ಲಿ ಪರೀಕ್ಷೆಯ ಕಿಟ್ ಸಿಗುತ್ತದೆ. ಮೊದಲು ಅಮೋನಿಯಾ ಏರುತ್ತದೆ. ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ. ಇಲ್ಲಿ ಬಹಳ ಮಂದಿ ಮೋಸ ಹೋಗುತ್ತಾರೆ, ಅಮೋನಿಯಾ ಹೋಯಿತೆಂದು ಮರಿ ಬಿಡುತ್ತಾರೆ. ಎರಡೂ ಸೊನ್ನೆಯಾಗಬೇಕು. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಡಿಸೆಂಬರ್, ಜನವರಿಯ ನಮ್ಮ ಚಳಿಯಲ್ಲಿ ಇನ್ನೂ ಹೆಚ್ಚು. ತಪಸ್ಸುಕಾಲದ ಶುಕ್ರವಾರಗಳಿಗೆ ಮನೆಯ ಮೀನೇ ಬೇಕೆನ್ನುವವರು ತಿಂಗಳ ಲೆಕ್ಕದಲ್ಲಿ ಈ ವಾರಗಳನ್ನೂ ಸೇರಿಸಿಕೊಳ್ಳಬೇಕು. ಮರಿಗಳನ್ನೂ ಒಮ್ಮೆಲೇ ಬಿಡದೆ ಸ್ವಲ್ಪ ಸ್ವಲ್ಪವಾಗಿ ಬಿಡಿ. ಸೂಕ್ಷ್ಮಾಣುಗಳ ಸಂಖ್ಯೆ ಸಿಗುವ ಊಟಕ್ಕೆ ತಕ್ಕಷ್ಟೇ ಇರುತ್ತದೆ.

ಸಮುದ್ರದ ಮೀನಿನ ಗಾಜಿನ ತೊಟ್ಟಿಗೂ ಕ್ರಮ ಇದೇ, ಆದರೆ ಎಚ್ಚರಿಕೆ ಹೆಚ್ಚು. ಅದರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರಬೇಕು. ಅಡುಗೆ ಉಪ್ಪು ಸಾಲದು, ಅದಕ್ಕೆಂದೇ ಮಾರುವ ಲವಣಮಿಶ್ರಣ ಬೇಕು. ಆ ನೀರಿನ ಪಿ.ಎಚ್. ಎಂಟರ ಮೇಲಿರುವುದರಿಂದ ಅಮೋನಿಯಾ ಅಲ್ಲಿ ಹೆಚ್ಚು ಕ್ರೂರ. ಇಂಥ ಮೀನುಗಳಲ್ಲಿ ಹಲವು ಹವಳದ ದಿಬ್ಬಗಳಿಂದ ಹಿಡಿದು ತಂದವು. ಅವನ್ನು ಹಸಿ ತೊಟ್ಟಿಗೆ ಬಿಟ್ಟು ಕೊಲ್ಲುವುದು ಹಣದ ನಷ್ಟ ಮಾತ್ರವಲ್ಲ.

ಈಗ ಆರೋಗ್ಯದ ಮಾತು. ನೈಟ್ರೈಟ್ ಹೊಕ್ಕ ಮೀನಿನ ರಕ್ತ ಕಂದಾಗುತ್ತದೆ, ಪ್ರಾಣವಾಯುವನ್ನು ಹೊರಲಾರದು. ಇದೇ ಕೇಡು ಎಳೆಗೂಸುಗಳಿಗೂ ಬರುತ್ತದೆ. ಗೊಬ್ಬರಗುಂಡಿ, ಕಕ್ಕಸುಗುಂಡಿಗಳಿಂದ ಬಾವಿಗೆ ನೈಟ್ರೇಟ್ ಇಳಿದು, ಆ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಅದು ಮಗುವಿನ ಒಡಲಲ್ಲಿ ನೈಟ್ರೈಟ್ ಆಗಿ, ತುಟಿ, ಉಗುರು ನೀಲಿಗಟ್ಟಬಹುದು. ಹಾಗೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಆರು ತಿಂಗಳೊಳಗಿನ ಮಕ್ಕಳಿಗೆ ಅಪಾಯ ಹೆಚ್ಚು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಕುದಿಸಿದರೆ ನೈಟ್ರೇಟ್ ಹೋಗದು, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ. ಮಗುವಿಗೆ ತಾಯಿಯ ಹಾಲೇ ಕ್ಷೇಮ. ಬಾವಿಯ ಹತ್ತಿರ ಗೊಬ್ಬರಗುಂಡಿ ಇರುವವರು ನೀರನ್ನು ಪರೀಕ್ಷೆ ಮಾಡಿಸಿ.

ತೊಟ್ಟಿ ಹದವಾದ ಮೇಲೆ ಆಗಾಗ ಸ್ವಲ್ಪ ನೀರು ತೆಗೆದು ಹೊಸದನ್ನು ಹಾಕಬೇಕು. ತೆಗೆದ ಸಿಹಿನೀರನ್ನು ಬಾಳೆಗೂ ಸೊಪ್ಪಿನ ಮಡಿಗೂ ಹಾಕಿ, ಬಾವಿಯ ಪಕ್ಕದಲ್ಲಿ ಮಾತ್ರ ಚೆಲ್ಲಬೇಡಿ. ಸಮುದ್ರದ ತೊಟ್ಟಿಯ ನೀರನ್ನು ಹೊಲ, ಹಿತ್ತಿಲಿಗೆ ಖಂಡಿತ ಸುರಿಯಬಾರದು. ಉಪ್ಪು ಹಿಡಿದ ಮಣ್ಣಿನಲ್ಲಿ ಸೊಪ್ಪೂ ಏಳುವುದಿಲ್ಲ.